ನಾಲೆ ಏರಿಯ ಮೇಲೆ ಏಳು ಸೈಕಲ್ಲುಗಳು: ಹಾರಂಗಿ ನಾಲೆಯ ಒಂದು ಪ್ರಕರಣ

ಕುಶಾಲನಗರದ ಸುತ್ತಮುತ್ತ ಬೆಳಗಿನ ಹೊತ್ತು ಸೈಕಲ್ ತುಳಿಯುವ ಏಳು ಜನರ ಒಂದು ಗುಂಪಿಗೂ, ಅವರು ದಿನವೂ ಸಾಗುತ್ತಿದ್ದ ನಾಲೆ ಏರಿಯ ಮೇಲೆ ಎದುರಾದ ಕೆಲವರಿಗೂ 2024ರ ಸೆಪ್ಟೆಂಬರಿನಿಂದ ಸುಮಾರು ಐದು ತಿಂಗಳು ನಡೆದ ತಿಕ್ಕಾಟವನ್ನು ಇಲ್ಲಿ ದಾಖಲಿಸಿದ್ದೇನೆ. ಆ ಏಳು ಜನರಲ್ಲಿ ನಾನೂ ಒಬ್ಬ. ಊರಿನ ಹೆಸರನ್ನಾಗಲಿ, ಏರಿ ಎಡದಂಡೆಯದೋ ಬಲದಂಡೆಯದೋ ಎಂಬುದನ್ನಾಗಲಿ, ತೂಬಿನ ಸಂಖ್ಯೆಯನ್ನಾಗಲಿ ಹೇಳಿಲ್ಲ. ಜನರನ್ನು ಅವರ ಕೆಲಸದಿಂದಷ್ಟೇ ಗುರುತಿಸಿದ್ದೇನೆ. ಗುಂಪಿನ ಹಿರಿಯರು ನಿವೃತ್ತ ಶಿಕ್ಷಕರಾದ್ದರಿಂದ ಅವರನ್ನು ಮೇಷ್ಟ್ರು ಎನ್ನುತ್ತೇನೆ. ಗುಂಪಿನಲ್ಲಿದ್ದ ಒಬ್ಬರೇ ಮಹಿಳೆ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಎಲ್ಲರಿಗಿಂತ ಕಿರಿಯವನು ಆಗಷ್ಟೇ ಪದವಿ ಮುಗಿಸಿದ್ದ ಹುಡುಗ. ಏರಿಯ ಪಕ್ಕದ ಜಮೀನಿನವರನ್ನು ಊರಿನವರು ಕರೆಯುವಂತೆ ಯಜಮಾನರು ಎಂದೇ ಕರೆದಿದ್ದೇನೆ. ಬರೆದದ್ದನ್ನು ಅವರಿಗೂ, ತೂಬುಗಳಿಂದ ಗದ್ದೆಗಳಿಗೆ ನೀರು ಬಿಡುವ ಕೆಲಸದ ನೀರುಗಂಟಿಗೂ ಓದಿ ಹೇಳಿ, ಅವರು ಬೇಡವೆಂದ ಎರಡು ವಿವರಗಳನ್ನು ತೆಗೆದುಹಾಕಿದ್ದೇನೆ.

ಹಿನ್ನೆಲೆ

ಕೊಡಗಿನಲ್ಲಿ ಸೈಕಲ್ ತುಳಿಯುವವರಿಗೆ ಸಮತಟ್ಟಾದ ದಾರಿ ಸಿಗುವುದೇ ಅಪರೂಪ. ಮಡಿಕೇರಿ ಕಡೆ ಹೊರಟರೆ ಏರು, ಸೋಮವಾರಪೇಟೆ ಕಡೆ ಹೊರಟರೂ ಏರು. ಜಿಲ್ಲೆಯ ಪೂರ್ವದ ಅಂಚಿನಲ್ಲಿ ನೆಲ ಮೈಸೂರು ಸೀಮೆಯತ್ತ ಇಳಿದು ಹರಡಿಕೊಳ್ಳುವಲ್ಲಿ ಮಾತ್ರ ನಾಲೆಯ ಏರಿಗಳಿವೆ, ಮತ್ತು ನೀರು ತಾನಾಗಿ ಹರಿಯಬೇಕಾದ್ದರಿಂದ ನಾಲೆಯನ್ನು ಗುಡ್ಡದ ಮಗ್ಗುಲು ಹಿಡಿದು ಬಹುತೇಕ ಒಂದೇ ಮಟ್ಟದಲ್ಲಿ ತೋಡಿರುತ್ತಾರೆ. ಮೊಣಕಾಲು ನೋವಿರುವ ಮೇಷ್ಟ್ರಂಥವರಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇನ್ನೊಂದು ಆಯ್ಕೆ ರಾಷ್ಟ್ರೀಯ ಹೆದ್ದಾರಿ 275. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಪ್ರವಾಸಿಗರ ವಾಹನಗಳು ಒಂದರ ಹಿಂದೊಂದು ಸಾಗುವ ಆ ರಸ್ತೆಯಲ್ಲಿ ಸೈಕಲ್ಲಿಗೆಂದು ಜಾಗವೇ ಇರುವುದಿಲ್ಲ.

ಆದರೆ ಏರಿ ಸೈಕಲ್ಲಿಗಾಗಿ ಆದದ್ದಲ್ಲ. ಹಾರಂಗಿ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಅದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2859 ಅಡಿ, ಸಾಮರ್ಥ್ಯ ಎಂಟೂವರೆ ಟಿಎಂಸಿ, ಅಂದರೆ 850 ಕೋಟಿ ಘನ ಅಡಿ. ಮುಂಗಾರಿನಲ್ಲಿ ಜಲಾಶಯ ತುಂಬಿದ ಮೇಲೆ ನಾಲೆಗೆ ಬಿಡುವ ನೀರಿನಲ್ಲಿ ಹೆಚ್ಚಿನ ಪಾಲು ಕೊಡಗನ್ನು ದಾಟಿ ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡು ಕಡೆಯ ಗದ್ದೆಗಳಿಗೆ ಹೋಗುತ್ತದೆ. ನಾಲೆಗೆ ಜಮೀನು ಹೋದದ್ದು ಇಲ್ಲಿಯವರದು, ನೀರು ಹೆಚ್ಚಾಗಿ ಸಿಗುವುದು ಅಲ್ಲಿಯವರಿಗೆ ಎಂಬ ಅಸಮಾಧಾನ ಹಳೆಯ ತಲೆಮಾರಿನಲ್ಲಿ ಇನ್ನೂ ಇದೆ. ಈ ಪ್ರಕರಣದಲ್ಲಿ ಆ ಅಸಮಾಧಾನಕ್ಕೂ ಒಂದು ಪಾತ್ರವಿತ್ತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಏರಿಯ ದಾರಿ ಮೂಲತಃ ನಾಲೆಯ ತಪಾಸಣೆಗೆ, ಹೂಳೆತ್ತುವ ಕೆಲಸಕ್ಕೆ ಇರುವಂಥದ್ದು. ಬೆಳಗ್ಗೆ ಆರರಿಂದ ಎಂಟರವರೆಗೆ ಅದರ ಮೇಲೆ ಯಾರು ಯಾರು ಓಡಾಡುತ್ತಾರೆಂದು ನಾವು ಆಮೇಲೆ ಒಂದು ವಾರ ಲೆಕ್ಕ ಇಟ್ಟೆವು: ಡೈರಿಗೆ ಹಾಲು ಒಯ್ಯುವವರು, ಶುಂಠಿ ಹೊಲಕ್ಕೆ ಕೂಲಿಗೆ ಹೋಗುವವರು, ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸರು, ಮೇವಿಗೆ ಹೊರಟ ದನಗಳು, ಮೆಟ್ಟಿಲ ಬಳಿ ಬಟ್ಟೆ ಒಗೆಯುವವರು, ಗೊಬ್ಬರದ ಮೂಟೆ ಇಟ್ಟುಕೊಂಡು ಬರುವ ಬೈಕುಗಳು. ಬಹುತೇಕ ಕಡೆ ದಾರಿ ಮೂರು ಮೀಟರಿನಷ್ಟು ಅಗಲವಿದೆ. ಒಂದು ತೂಬಿನ ಹತ್ತಿರ ಮಾತ್ರ ಏರಿ ಕುಸಿದು, ಸುಮಾರು 300 ಮೀಟರ್ ಉದ್ದಕ್ಕೆ ಇಕ್ಕಟ್ಟಾಗಿದೆ. ಅಲ್ಲಿ ಟೇಪು ಹಿಡಿದು ಅಳೆದಾಗ ಅತಿ ಕಿರಿದಾದ ಜಾಗದಲ್ಲಿ 1.4 ಮೀಟರ್ ಬಂತು. ನನ್ನ ಸೈಕಲ್ಲಿನ ಹ್ಯಾಂಡಲ್ 68 ಸೆಂಟಿಮೀಟರ್. ಉಳಿದ 72 ಸೆಂಟಿಮೀಟರಿನಲ್ಲಿ ತಲೆಯ ಮೇಲೆ ಹೊರೆ ಹೊತ್ತವರು ದಾಟಬೇಕು. ಒಂದು ಪಕ್ಕ ನಾಲೆ, ಇನ್ನೊಂದು ಪಕ್ಕ ಗದ್ದೆಗೆ ಇಳಿಜಾರು. ನಾಲೆಯ ಒಳಮೈಗೆ ಸಿಮೆಂಟಿನ ಲೈನಿಂಗ್ ಇದ್ದು, ನೀರಿನ ಮಟ್ಟದಲ್ಲಿ ಪಾಚಿ ಕಟ್ಟಿದೆ. ಜಾರಿ ಬಿದ್ದರೆ ಹಿಡಿದುಕೊಳ್ಳಲು ಏನೂ ಇಲ್ಲದ ಆ ಇಳಿಜಾರಿನಲ್ಲಿ ಈಜು ಬಲ್ಲವರಿಗೂ ಮೇಲೆ ಹತ್ತುವುದು ಕಷ್ಟ.

ಜಗಳವಾದದ್ದೆಲ್ಲ ಈ 300 ಮೀಟರಿನೊಳಗೆ. ಹಾಗೆಂದು ಗೊತ್ತಾಗಲು ನಮಗೆ ಆರು ವಾರ ಬೇಕಾಯಿತು, ಏಕೆಂದರೆ ನಾವು ಅಷ್ಟು ದಿನವೂ ಜಗಳಕ್ಕೆ ಬಂದವರ ಸ್ವಭಾವದ ಬಗ್ಗೆ ಮಾತಾಡಿಕೊಳ್ಳುತ್ತಿದ್ದೆವು, ಜಗಳವಾದ ಜಾಗ ಮತ್ತು ಹೊತ್ತನ್ನು ಗಮನಿಸಿರಲಿಲ್ಲ.

ಕತ್ತಿ ಮತ್ತು ವಿಡಿಯೊ

ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಆಯುಧಪೂಜೆ ಕೈಲ್‌ಪೊಳ್ದ್ ಹಬ್ಬ ಕಳೆದ ವಾರ, ಬೆಳಗ್ಗೆ ಆರೂಮುಕ್ಕಾಲಿಗೆ, ಯಜಮಾನರು ಏರಿಯ ನಡುವೆ ನಿಂತು ನಮ್ಮನ್ನು ತಡೆದರು. ಅರುವತ್ತರ ಆಸುಪಾಸಿನವರು. ಕೈಯಲ್ಲಿ ಕತ್ತಿ ಇತ್ತು. "ಇಲ್ಲಿ ಸೈಕಲ್ ಬಿಡಂಗಿಲ್ಲ, ವಾಪಸ್ ತಿರುಗ್ಸಿ" ಎಂದು ಅವರು ಹೇಳಿದ್ದು ಮೂರೇ ಮಾತಿನಲ್ಲಿ, ಆದರೆ ದನಿ ಏರಿತ್ತು. ಮೇಷ್ಟ್ರು "ಇದು ಸರ್ಕಾರದ ಜಾಗ ಅಲ್ವಾ ಯಜಮಾನ್ರೇ" ಎಂದರು. ಅವರು "ನಮ್ಮಪ್ಪ ಬಿಟ್ಟುಕೊಟ್ಟಿದ್ದಕ್ಕೆ ಸರ್ಕಾರದ್ದಾಗಿದ್ದು" ಎಂದರು. ಸರ್ಕಾರದ ಜಾಗ ಎಂಬ ಒಂದೇ ವಾದವನ್ನು ಎರಡೂ ಕಡೆಯವರು ಎತ್ತಿ ಹಿಡಿದ ಮೇಲೆ ಮಾತು ಮುಂದೆ ಹೋಗಲು ಜಾಗವಿರಲಿಲ್ಲ. ಅಷ್ಟರಲ್ಲಿ ಹುಡುಗ ಮೊಬೈಲ್ ತೆಗೆದು ಚಿತ್ರೀಕರಿಸಲು ಶುರುಮಾಡಿದ. ಯಜಮಾನರು ಮುಂದೆ ಬಂದು ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಅಲುಗಿಸಿದರು. ನಾವು ಹಿಂದಿರುಗಿದೆವು.

ಆ ದಿನ ಮಧ್ಯಾಹ್ನ ಹುಡುಗ ವಿಡಿಯೊವನ್ನು ತನ್ನ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ. ಮಚ್ಚು ಹಿಡಿದು ಬೆದರಿಸಿದರು ಎಂಬ ಒಕ್ಕಣೆ ಇತ್ತು. ಇದನ್ನು ನಾನು ಈ ಪ್ರಕರಣದ ಮೊದಲ ತಪ್ಪು ತಿರುವು ಎಂದು ಪರಿಗಣಿಸುತ್ತೇನೆ, ಮತ್ತು ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೊಡಗಿನಲ್ಲಿ ತೋಟಕ್ಕೋ ಗದ್ದೆಗೋ ಹೊರಟವರ ಕೈಯಲ್ಲಿ ಕತ್ತಿ ಇಲ್ಲದಿದ್ದರೆ ಅದೇ ವಿಶೇಷ. ಬೇಲಿ ಸವರಲು, ಬಳ್ಳಿ ಕಡಿಯಲು, ದಾರಿಗೆ ಬಿದ್ದ ಕೊಂಬೆ ತೆಗೆಯಲು ಅದು ಬೇಕೇ ಬೇಕು. ವಿಡಿಯೊವನ್ನು ನಾವೆಲ್ಲ ಆಮೇಲೆ ಮತ್ತೆ ಮತ್ತೆ ನೋಡಿದೆವು: ಯಜಮಾನರು ಮಾತಾಡುವಷ್ಟು ಹೊತ್ತೂ ಕತ್ತಿಯ ಅಲಗು ನೆಲದ ಕಡೆಗಿದೆ, ತೋಳಿನಡಿ ಈಗಷ್ಟೇ ಕಡಿದ ಬೇಲಿ ಕಡ್ಡಿಗಳ ಕಟ್ಟಿದೆ, ಹ್ಯಾಂಡಲ್ ಹಿಡಿಯುವ ಮೊದಲು ಅವರು ಕತ್ತಿಯನ್ನು ಕೆಳಗಿಟ್ಟಿದ್ದಾರೆ. ಕತ್ತಿ ಕೆಳಗಿಡುವ ಆ ಒಂದು ಕ್ಷಣವನ್ನು ಅಲ್ಲಿದ್ದ ಏಳು ಜನರಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಹೆದರಿದ್ದ ಹುಡುಗನನ್ನು ನಾನು ದೂರುವುದಿಲ್ಲ, ಅವನು ಬೆಳೆದದ್ದು ಪಟ್ಟಣದಲ್ಲಿ. ಆದರೆ ಹುಟ್ಟಿನಿಂದ ಕತ್ತಿ ನೋಡಿ ಬೆಳೆದ ನಾನೂ ಆ ಸ್ಟೇಟಸ್ ನೋಡಿ ಸುಮ್ಮನಿದ್ದೆ. ತೆಗೆಯೆಂದು ಹೇಳಿದ್ದು ಮೇಷ್ಟ್ರು, ಸಂಜೆ. ಅಷ್ಟು ಹೊತ್ತಿಗೆ ಅದು ಊರಿನ ಗುಂಪಿಗೆ ಹೋಗಿ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಯಜಮಾನರ ಮಗನ ಮೊಬೈಲಿಗೂ ತಲುಪಿತ್ತು.

ಮರುದಿನ ಏರಿಯ ಮೇಲೆ ನಾಲ್ಕು ಜನರಿದ್ದರು, ಇಕ್ಕಟ್ಟಿನ ಜಾಗಕ್ಕೆ ಅಡ್ಡಲಾಗಿ ಒಂದು ಬಿದಿರಿನ ಗಳವೂ ಇತ್ತು. ಒಬ್ಬ ವ್ಯಕ್ತಿಯ ಕೋಪವಾಗಿದ್ದದ್ದು ಒಂದು ಊರಿನ ಮರ್ಯಾದೆಯ ಪ್ರಶ್ನೆಯಾಗಿತ್ತು.

ಮಾಡಿ ನೋಡಿದ್ದು

ಮೊದಲು ನಾವು ದಾರಿಯನ್ನೇ ಬಿಟ್ಟೆವು. ಎರಡು ವಾರ ಹೆದ್ದಾರಿಯಲ್ಲಿ ತುಳಿದೆವು. ಎರಡನೆಯ ಶನಿವಾರ ಒಂದು ಬಸ್ಸಿನ ಕನ್ನಡಿ ಬ್ಯಾಂಕ್ ಉದ್ಯೋಗಿಯ ಭುಜಕ್ಕೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಅಲ್ಲಿಗೆ ಆ ಪ್ರಯತ್ನ ಮುಗಿಯಿತು.

ನಂತರ ಕಾನೂನಿನ ಕಡೆ ನೋಡಿದೆವು. ಪರಿಚಿತ ವಕೀಲರೊಬ್ಬರು ಭಾರತೀಯ ನ್ಯಾಯ ಸಂಹಿತೆಯ 126ನೆಯ ಕಲಮನ್ನು ತೋರಿಸಿದರು: ಹೋಗಲು ಹಕ್ಕಿರುವ ದಿಕ್ಕಿನಲ್ಲಿ ವ್ಯಕ್ತಿಯನ್ನು ಹೋಗದಂತೆ ತಡೆಯುವುದು ಅಪರಾಧ, ಅದಕ್ಕೆ ಒಂದು ತಿಂಗಳವರೆಗೆ ಸಾದಾ ಸೆರೆವಾಸ, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗೆ ಹೇಳಿದ ಅವರೇ ಹಕ್ಕಿರುವ ದಿಕ್ಕು ಎಂಬ ಮಾತಿನ ಮೇಲೆ ಬೆರಳಿಟ್ಟರು. ಏರಿ ನೀರಾವರಿ ಕಾಮಗಾರಿಯ ಭಾಗವೇ ಹೊರತು ಸಾರ್ವಜನಿಕ ರಸ್ತೆಯಾಗಿ ನಿರ್ಮಿಸಿದ್ದಲ್ಲ. ರೂಢಿಯಿಂದ ಎಲ್ಲರೂ ಓಡಾಡುತ್ತಾರೆ, ಅಷ್ಟೆ. ದೂರು ಕೊಟ್ಟರೆ ಮೊದಲು ಪ್ರಶ್ನೆಯಾಗುವುದು ನಮ್ಮ ಓಡಾಟವೇ ಇರಬಹುದು, ಮತ್ತು ಆ ಪ್ರಶ್ನೆಗೆ ಬರುವ ಉತ್ತರ ಸೈಕಲ್ಲಿಗೆ ಮಾತ್ರವಲ್ಲ, ಹುಲ್ಲು ಹೊರುವ ಹೆಂಗಸಿಗೂ ಅನ್ವಯಿಸಬಹುದು. ಈ ಕೊನೆಯ ಮಾತು ಬ್ಯಾಂಕ್ ಉದ್ಯೋಗಿಯದು. ದೂರು ಕೊಡದಿರಲು ನಾವು ತೀರ್ಮಾನಿಸಿದ್ದು ಅದರಿಂದಲೇ, ಔದಾರ್ಯದಿಂದಲ್ಲ.

ಮೂರನೆಯದು ಗಂಟೆ. ಬ್ರಿಟನ್ನಿನ ನಾಲೆಗಳ ದಂಡೆಯ ದಾರಿಗಳ ಬಗ್ಗೆ ಹುಡುಗ ಓದಿಕೊಂಡು ಬಂದಿದ್ದ. ಒಂದು ಕಾಲದಲ್ಲಿ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ಆ ದಾರಿಗಳಲ್ಲಿ ಈಗ ನಡೆಯುವವರೂ ಸೈಕಲ್ಲಿನವರೂ ಒಟ್ಟಿಗೆ ಸಾಗುತ್ತಾರೆ. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ನಾಲೆಗಳನ್ನು ನೋಡಿಕೊಳ್ಳುತ್ತಿರುವ ದತ್ತಿ ಸಂಸ್ಥೆಯ ನಿಯಮದಂತೆ ಅಲ್ಲಿ ಆದ್ಯತೆ ನಡೆಯುವವರಿಗೆ. ಸೈಕಲ್ಲಿನವರು ವೇಗ ತಗ್ಗಿಸಿ, ಎರಡು ಸಲ ಮೆಲ್ಲಗೆ ಗಂಟೆ ಬಾರಿಸಬೇಕೆಂಬ ರೂಢಿಯೂ ಇದೆ. ನಾವು ಏಳು ಗಂಟೆಗಳನ್ನು ತಂದು ಕಟ್ಟಿಕೊಂಡು, ಗಳವಿಲ್ಲದ ದಿನ ನೋಡಿ ಏರಿಗೆ ಮರಳಿದೆವು.

ಗಂಟೆ ಕೆಲಸ ಮಾಡಲಿಲ್ಲ ಎಂದರೆ ಸಾಲದು, ಅಪಾಯವನ್ನೇ ತಂದಿತು. ಮೂರನೆಯ ದಿನ ನಮ್ಮ ಮುಂದೆ ಒಬ್ಬ ಹೆಂಗಸು ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದರು. ಹೊರೆ ಹೊತ್ತವರಿಗೆ ಕತ್ತು ತಿರುಗಿಸಲು ಆಗುವುದಿಲ್ಲ. ಸಿಂಬೆಯ ಮೇಲೆ ಕುಳಿತ ಹೊರೆ ಕಣ್ಣಿನವರೆಗೆ ಇಳಿಬಿದ್ದಿರುತ್ತದೆ, ಕಿವಿಯನ್ನೂ ಮುಚ್ಚಿರುತ್ತದೆ. ಹಿಂದಿನಿಂದ ಗಂಟೆ ಕೇಳಿದ ಕೂಡಲೇ ಅವರು ಇಡೀ ಮೈಯನ್ನೇ ತಿರುಗಿಸಿದರು. ಎರಡೂ ಪಕ್ಕಕ್ಕೆ ಒಂದೊಂದು ಮೊಳ ಚಾಚಿಕೊಂಡಿದ್ದ ಹೊರೆ ಅವರೊಡನೆ ತಿರುಗಿ ದಾರಿಗೆ ಅಡ್ಡವಾಯಿತು, ಅವರ ಹಿಮ್ಮಡಿ ಲೈನಿಂಗಿನ ಅಂಚಿಗೆ ಬಂತು. ಅವರು ಹೊರೆಯನ್ನು ನಾಲೆಗೆ ಎಸೆದು ತಾವು ಉಳಿದರು. ಹುಲ್ಲು ನೀರಿನಲ್ಲಿ ಬಿಚ್ಚಿಕೊಂಡು ಹೋಗುವುದನ್ನು ನಾವು ನೋಡುತ್ತ ನಿಂತೆವು. ಅವರು ಬೈಯಲಿಲ್ಲ, ಸಿಂಬೆಯನ್ನು ಕೊಡವಿ, ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸ್ ಗದ್ದೆಗೆ ಹೋದರು. ನಾನೂ ಬ್ಯಾಂಕ್ ಉದ್ಯೋಗಿಯೂ ಅವರ ಹಿಂದೆ ಹೋಗಿ ಇನ್ನೊಂದು ಹೊರೆ ಕೊಯ್ಯಲು ನೆರವಾದೆವು. ನೆರವಾದೆವು ಎನ್ನುವುದು ಹೆಚ್ಚಾಯಿತು. ಕಟ್ಟಿದ್ದು ಅವರೇ, ನಾವು ಎತ್ತಿ ತಲೆಗಿಟ್ಟೆವು.

ಗದ್ದೆಯಲ್ಲಿ ಆದ ಮಾತಿನಲ್ಲಿ ಅವರು ಎರಡು ವಿಷಯ ಹೇಳಿದರು. ಒಂದು, "ಎಡಕ್ಕೆ ಬನ್ನಿ, ಬಲಕ್ಕೆ ಬನ್ನಿ ಅಂತ ಕೂಗ್ಬೇಡಿ, ನಮಗೆ ಯಾವುದು ಅಂತ ಹೊಳೆಯಲ್ಲ." ಇದು ನಿಜ: ಎಡಗಡೆ ಬರ್ತಿದ್ದೀವಿ ಎಂದು ಕೂಗಿದರೆ, ಎಡ ಎಂಬ ಮಾತು ಮಾತ್ರ ಕಿವಿಗೆ ಬಿದ್ದು ಜನ ಎಡಕ್ಕೇ ಸರಿಯುವುದನ್ನು ನಾವು ಹಲವು ಸಲ ನೋಡಿದ್ದೆವು. ಇನ್ನೊಂದು, "ಆ ಯಜಮಾನ್ರ ಹಸು ವಿಷಯ ನಿಮಗೆ ಗೊತ್ತಿಲ್ವಾ?"

ನಮಗೆ ಗೊತ್ತಿರಲಿಲ್ಲ.

ಹಸುವಿನ ವಿಷಯ

ಪೂರ್ತಿ ಹೇಳಿದ್ದು ನೀರುಗಂಟಿ, ಅಕ್ಟೋಬರ್ ನಡುವೆ ಬರುವ ಕಾವೇರಿ ಸಂಕ್ರಮಣದ ಹಿಂದಿನ ವಾರ, ತೂಬಿನ ಕಟ್ಟೆಯ ಮೇಲೆ ಕುಳಿತು. ಎರಡೂ ಕಡೆಯವರು ಮಾತಾಡಿಸುವ ಮನುಷ್ಯ ಆ ಏರಿಯ ಮೇಲೆ ಇದ್ದದ್ದು ಅವರೊಬ್ಬರೇ. ಯಾರಿಗೆ ಯಾವಾಗ ನೀರು ಬಿಡಬೇಕೆಂಬ ದಿನನಿತ್ಯದ ವ್ಯಾಜ್ಯ ತೀರಿಸಿ ತೀರಿಸಿ ಜಗಳದ ನಡುವೆ ನಿಲ್ಲುವುದು ಅವರಿಗೆ ಅಭ್ಯಾಸವಾಗಿತ್ತು. ಇಂಥವರನ್ನು ನಾವು ಮೊದಲ ದಿನವೇ ಹುಡುಕಬೇಕಿತ್ತು.

ಆಗಸ್ಟಿನಲ್ಲಿ, ನಾಲೆಗೆ ನೀರು ಬಿಟ್ಟ ಹೊಸತರಲ್ಲಿ, ಯಜಮಾನರ ಗಬ್ಬದ ಹಸು ಇಕ್ಕಟ್ಟಿನ ಜಾಗದಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಸೈಕಲ್ಲಿಗೆ ಬೆದರಿ ಓಡಿತು. ಸೈಕಲ್ ಮುಂದೆ ಹೋಯಿತು. ತೂಬಿನ ತಿರುವಿನಲ್ಲಿ ಹಸು ಜಾರಿ ನಾಲೆಗೆ ಬಿತ್ತು. ಪಾಚಿಯ ಮೇಲೆ ಗೊರಸು ನಿಲ್ಲದೆ, ಒಂಬತ್ತು ಜನ ಹಗ್ಗ ಹಾಕಿ ಎರಡು ಗಂಟೆ ಎಳೆದ ಮೇಲೆ ಮೇಲೆ ಬಂತು. ನಾಲ್ಕನೆಯ ದಿನ ಗಬ್ಬ ಇಳಿದು ಕಂದು ಹಾಕಿತು. ಆ ಮನೆಯಲ್ಲಿ ಡೈರಿಗೆ ಹಾಲು ಹೋಗುತ್ತಿದ್ದದ್ದು ಎರಡು ಹಸುಗಳಿಂದ. ಇದು ಅವುಗಳಲ್ಲಿ ಒಂದು.

ಇದನ್ನು ಕೇಳಿ ನಮಗೆ ಬಂದ ಮೊದಲ ಯೋಚನೆ, ಸೈಕಲ್ಲಿನವನು ಬೇರೆ ಯಾರೋ ಪ್ರವಾಸಿ ಇರಬೇಕೆಂಬುದು. ವಾರಾಂತ್ಯದಲ್ಲಿ ಬಾಡಿಗೆ ಸೈಕಲ್ ಹಿಡಿದು ಬರುವವರೂ ಇದ್ದಾರೆ. ಆ ಯೋಚನೆಯನ್ನು ಮೇಷ್ಟ್ರು ಹೆಚ್ಚು ಹೊತ್ತು ಉಳಿಯಗೊಡಲಿಲ್ಲ. ಆಗಸ್ಟಿನ ಒಂದು ಬೆಳಗ್ಗೆ ತಾವು ಒಬ್ಬರೇ ಬಂದಿದ್ದಾಗ ಒಂದು ಹಸು ತಮ್ಮ ಮುಂದೆ ಸ್ವಲ್ಪ ದೂರ ಓಡಿ, ಅಗಲವಾದ ಕಡೆ ಪಕ್ಕಕ್ಕೆ ಸರಿದದ್ದು ನೆನಪಿದೆ ಎಂದರು. "ದಾರಿ ಬಿಟ್ಟುಕೊಡ್ತು ಅಂದ್ಕೊಂಡು ಮುಂದೆ ಹೋದೆ" ಎಂದರು. ಅದೇ ಹಸುವೋ, ಅದೇ ದಿನವೋ ಅವರಿಗೂ ಗೊತ್ತಿರಲಿಲ್ಲ, ನೀರುಗಂಟಿಗೂ ತಾರೀಕು ನೆನಪಿರಲಿಲ್ಲ. ದನಗಳ ಹಿಂದೆ ಸೈಕಲ್ ಬಿಡುವುದರ ತೊಡಕು ಇದೇ. ಪೆಡಲ್ ನಿಲ್ಲಿಸಿದ ಕೂಡಲೇ ಹಿಂದಿನ ಚಕ್ರದಿಂದ ಬರುವ ಟಿಕಟಿಕ ಸದ್ದು ದನಕ್ಕೆ ಹೊಸದು. ಇಕ್ಕಟ್ಟಿನಲ್ಲಿ ಪಕ್ಕಕ್ಕೆ ಜಾಗವಿಲ್ಲದೆ ಅದು ಮುಂದಕ್ಕೇ ಓಡುತ್ತದೆ. ನಾವು ಮುಂದೆ ಸಾಗಿದಷ್ಟೂ ಅದನ್ನು ಅಟ್ಟಿದಂತಾಗುತ್ತದೆ. ಸವಾರನಿಗೆ ಮಾತ್ರ ದಾರಿ ಬಿಟ್ಟುಕೊಟ್ಟಂತೆ ಕಾಣುತ್ತದೆ.

ಮುಂದೆ ಏನು ಮಾಡಬೇಕೆಂಬುದರ ಮೇಲೆ ಗುಂಪು ಒಡೆಯಿತು. ತಪ್ಪು ಖಚಿತವಿಲ್ಲದಿರುವಾಗ ಒಪ್ಪಿಕೊಂಡರೆ ಹಸುವಿನ ಬೆಲೆ ಕೇಳುತ್ತಾರೆ, ನಾಳೆ ಇನ್ನೊಬ್ಬರು ಇನ್ನೊಂದು ಕೇಳುತ್ತಾರೆ ಎಂದು ಮೂವರು ಹೇಳಿದರು. ನಾನು ಅವರೊಡನಿದ್ದೆ. ಒಪ್ಪಿಕೊಳ್ಳದೆ ಸುಮ್ಮನೆ ಸಂತಾಪ ಹೇಳಿ ಬರೋಣ ಎಂಬುದು ನನ್ನ ಸಲಹೆಯಾಗಿತ್ತು. ಬ್ಯಾಂಕ್ ಉದ್ಯೋಗಿ ಅದನ್ನು ಒಪ್ಪಲಿಲ್ಲ. ನಿಮ್ಮ ಹಸು ಬಿದ್ದದ್ದಕ್ಕೆ ಬೇಸರವಾಯಿತು ಎಂದು ಹೇಳುವುದು ದಾರಿಹೋಕರ ಮಾತು, ಅದನ್ನು ಕೇಳಿ ಅವರ ಕೋಪ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯಿತ್ತೆಂದು ಈಗ ನನಗೆ ಅನ್ನಿಸುತ್ತದೆ. ಕೊನೆಗೆ ಮೇಷ್ಟ್ರು, ಹುಡುಗ ಮತ್ತು ನೀರುಗಂಟಿ ಮೂವರೇ, ಸೈಕಲ್ ಬಿಟ್ಟು, ನಡೆದುಕೊಂಡು ಯಜಮಾನರ ಮನೆಗೆ ಹೋದರು. ಏಳು ಜನ ಹೋದರೆ ಅದು ಪಂಚಾಯಿತಿಯಾಗುತ್ತದೆ ಎಂದು ನೀರುಗಂಟಿ ತಡೆದಿದ್ದರು.

ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಹೇಳಿದರಂತೆ: ನಾನೇ ಇರಬಹುದು, ಖಚಿತವಾಗಿ ಹೇಳಲಾರೆ, ಅಂದು ಹಿಂದಿರುಗಿ ನೋಡಲಿಲ್ಲ. ಹುಡುಗ ವಿಡಿಯೊದ ವಿಷಯ ತಾನಾಗಿ ಎತ್ತಿ, ಕತ್ತಿಯ ಬಗ್ಗೆ ಬರೆದದ್ದು ಸುಳ್ಳು ಎಂದು ಹೇಳಿದ. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಹಸು ಹೋದ್ರೆ ಹೋಗ್ಲಿ ಮೇಷ್ಟ್ರೇ, ನಿಂತು ಏನಾಯ್ತು ಅಂತ ಕೇಳ್ಬಹುದಿತ್ತಲ್ಲ" ಎಂದರು. ಹುಡುಗನಿಗೆ ಅವರು ಏನೂ ಹೇಳಲಿಲ್ಲ. ಪಶುವೈದ್ಯರ ಖರ್ಚನ್ನು ಕೊಡುತ್ತೇವೆಂದದ್ದನ್ನು ಒಪ್ಪಲಿಲ್ಲ. ಅವರ ಮನೆಯವರು ಕಾಫಿ ತಂದರು. ಹೊರಡುವಾಗ ಯಜಮಾನರು ಒಂದೇ ಷರತ್ತು ಹೇಳಿದರು: ತೂಬಿನಿಂದ ದನ ಇಳಿಯುವ ಜಾಗದವರೆಗೆ, ಬೆಳಗ್ಗೆ ಆರೂಕಾಲರಿಂದ ಏಳೂಕಾಲರವರೆಗೆ, ಸೈಕಲ್ ತಳ್ಳಿಕೊಂಡು ಹೋಗಬೇಕು.

ಆ ಷರತ್ತು ನಮಗೆ ಬೇಕಾಗಿದ್ದ ಮಾಹಿತಿಯೂ ಆಗಿತ್ತು. ಡೈರಿಗೆ ಹಾಲು ಹೋಗುವ ಹೊತ್ತು ಅದು, ಹಾಲು ಕರೆದ ಮೇಲೆ ದನ ಬಿಡುವ ಹೊತ್ತೂ ಅದೇ. ನಮ್ಮ ಹಿಂದಿನ ಜಗಳಗಳನ್ನೆಲ್ಲ ಮೊಬೈಲಿನಲ್ಲಿದ್ದ ಸವಾರಿಯ ದಾಖಲೆಯೊಡನೆ ಹೋಲಿಸಿದಾಗ ಎಲ್ಲವೂ ಆ ಒಂದು ಗಂಟೆಯಲ್ಲಿ, ಆ 300 ಮೀಟರಿನಲ್ಲಿ ಬಂದು ಬಿದ್ದವು. ಆ ಭಾಗದಲ್ಲಿ ನಮ್ಮ ವೇಗ ಎಷ್ಟಿತ್ತೆಂಬುದೂ ಕಂಡಿತು: ಗಂಟೆಗೆ 24 ಕಿಲೊಮೀಟರ್. ಅಂದರೆ ಒಂದು ಸೆಕೆಂಡಿಗೆ ಆರೂವರೆ ಮೀಟರಿಗಿಂತ ಹೆಚ್ಚು. ಎದುರಿನವರು ನಮ್ಮನ್ನು ಗಮನಿಸಿ, ಏನು ಮಾಡಬೇಕೆಂದು ಯೋಚಿಸುವಷ್ಟರಲ್ಲಿ ನಾವು ಅವರ ಮೈಮೇಲಿರುತ್ತಿದ್ದೆವು. ಗಂಟೆಗೆ ಒಂಬತ್ತು ಕಿಲೊಮೀಟರಾದರೆ ಅದೇ ಸೆಕೆಂಡಿಗೆ ಎರಡೂವರೆ ಮೀಟರ್. ತಳ್ಳಿಕೊಂಡು ಹೋಗಲು ನಮಗೆ ಹೆಚ್ಚುವರಿಯಾಗಿ ಹಿಡಿದ ಹೊತ್ತು ಮೂರು ನಿಮಿಷಕ್ಕಿಂತ ಕಡಿಮೆ.

ಉಳಿದ ಹೊತ್ತಿಗೂ ಒಂದು ರೂಢಿ ಮಾಡಿಕೊಂಡೆವು. ಇಪ್ಪತ್ತು ಹೆಜ್ಜೆ ಹಿಂದಿನಿಂದಲೇ "ಅಕ್ಕಾ, ಹಂಗೇ ನಡೀರಿ, ನಾವು ನಿಲ್ತೀವಿ" ಎಂದು ಕೂಗುವುದು. ಎಡ ಬಲ ಹೇಳದಿರುವುದು. ಅಗಲವಾದ ಜಾಗ ಬರುವವರೆಗೆ ಹಿಂದೆಯೇ ಉಳಿಯುವುದು. ಎದುರಿನಿಂದ ಹೊರೆ ಬಂದರೆ ಇಳಿದು, ಸೈಕಲ್ ಸಮೇತ ಗದ್ದೆಯ ಇಳಿಜಾರಿನ ಕಡೆ ಒಂದು ಹೆಜ್ಜೆ ಕೆಳಗೆ ನಿಲ್ಲುವುದು. ಹೊರೆಯವರು ಯಾವ ಪಕ್ಕ ನಡೆಯಲು ಬಯಸುತ್ತಾರೆಂದು ಕೇಳಿದೆವು. ಎಲ್ಲರೂ ನಡುಮಧ್ಯೆ ಎಂದರು. ದನ ಕಂಡರೆ ಇಳಿದುಬಿಡುವುದು, ಅದು ಇಳಿಜಾರು ಸೇರುವವರೆಗೆ ಕಾಯುವುದು. ಗಂಟೆಯನ್ನು ಬಿಚ್ಚಲಿಲ್ಲ, ಬೈಕುಗಳಿಗೆ ಅದು ಉಪಯೋಗಕ್ಕೆ ಬರುತ್ತದೆ.

ಮೋರಿಯ ಸಂಜೆ

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ಬರೆಯುವ ಅಗತ್ಯ ಅಷ್ಟಾಗಿ ಇರುತ್ತಿರಲಿಲ್ಲ. ಯಜಮಾನರ ಮನೆಯಿಂದ ನಾವು ತಪ್ಪು ಪಾಠವೊಂದನ್ನೂ ಹೊತ್ತುಕೊಂಡು ಬಂದಿದ್ದೆವು: ಏರಿಯ ಮೇಲೆ ಯಾರು ಕೋಪಗೊಂಡರೂ ಅದಕ್ಕೊಂದು ಕಾರಣವಿರುತ್ತದೆ, ನಿಂತು ಮಾತಾಡಿದರೆ ಅದು ತಿಳಿಯುತ್ತದೆ, ತಿಳಿದರೆ ತೀರುತ್ತದೆ ಎಂದು.

ನವೆಂಬರಿನ ಕೊನೆಯಲ್ಲಿ, ಸುಗ್ಗಿಯ ಹಬ್ಬ ಪುತ್ತರಿಗೆ ಮೊದಲು, ನಮ್ಮಲ್ಲಿ ಮೂವರು ಸಂಜೆ ಏರಿಗೆ ಹೋಗಿದ್ದೆವು: ಮೇಷ್ಟ್ರು, ಬ್ಯಾಂಕ್ ಉದ್ಯೋಗಿ ಮತ್ತು ನಾನು. ಆರು ಗಂಟೆಗೆ ಹೊತ್ತು ಮುಳುಗಿತ್ತು. ಮೋರಿಯ ಕಟ್ಟೆಯ ಮೇಲೆ ನಾಲ್ವರು ಕುಡಿಯುತ್ತ ಕುಳಿತಿದ್ದರು. ಊರಿನವರಲ್ಲವೆಂದು ಆಮೇಲೆ ತಿಳಿಯಿತು. ಒಬ್ಬ ಎದ್ದು ಬಂದು "ಮೇಡಂ, ಒಂದು ರೌಂಡ್ ಕೊಡಿ ಸೈಕಲ್" ಎಂದ. ಮೇಷ್ಟ್ರು ಇಳಿದರು. ಅಕ್ಟೋಬರಿನಲ್ಲಿ ಯಜಮಾನರೊಡನೆ ಮಾತಾಡಿದ ಅದೇ ದನಿಯಲ್ಲಿ, ಯಾವ ಊರಪ್ಪಾ, ಏನು ಸಮಾಚಾರ ಎಂದು ಮಾತಿಗೆ ತೊಡಗಿದರು. ನಾನೂ ಇಳಿದೆ. ಮಾತು ಬೆಳೆದಷ್ಟೂ ಉಳಿದ ಮೂವರೂ ಎದ್ದು ಬಂದು, ದಾರಿಯ ಎರಡೂ ಕಡೆ ನಿಂತರು. ಒಬ್ಬನ ಕೈ ಬ್ಯಾಂಕ್ ಉದ್ಯೋಗಿಯ ಬ್ಯಾಗಿನ ಪಟ್ಟಿಯ ಮೇಲೆ ಬಂತು. ಅವರು ಕೈಯನ್ನು ಕೊಡವಿ, ಸೈಕಲ್ ಹಿಂದಕ್ಕೆ ತಿರುಗಿಸಿ, ಬಂದ ದಾರಿಯಲ್ಲೇ ವೇಗವಾಗಿ ಹೊರಟುಹೋದರು. ಇನ್ನೂರು ಮೀಟರ್ ದೂರದಿಂದ 112ಕ್ಕೆ ಕರೆ ಮಾಡಿದ್ದು ಅವರೇ. ಪೊಲೀಸ್ ವಾಹನ ಸುಮಾರು ಇಪ್ಪತ್ತೈದು ನಿಮಿಷಕ್ಕೆ ಬಂತು. ಕರೆಯ ಮಾತು ಕಿವಿಗೆ ಬಿದ್ದಾಗಲೇ ನಾಲ್ವರೂ ಹೊರಟಿದ್ದರು.

ಬ್ಯಾಂಕ್ ಉದ್ಯೋಗಿ ಮರುದಿನ ನಮ್ಮಿಬ್ಬರಿಗೂ ಹೇಳಿದ್ದನ್ನು ಅವರ ಒಪ್ಪಿಗೆಯಿಂದ ಇಲ್ಲಿ ಬರೆಯುತ್ತಿದ್ದೇನೆ. "ನೀವಿಬ್ರೂ ಅವರ ಜೊತೆ ಮಾತಾಡ್ತಾ ನಿಂತ್ರಿ. ನನಗೆ ಅಲ್ಲಿಂದ ಹೊರಡೋದು ಬೇಕಿತ್ತು. ನೀವು ಇಳಿದಿದ್ರಿಂದ ನಾನೂ ಇಳೀಬೇಕಾಯ್ತು." ಮೇಷ್ಟ್ರು ಕ್ಷಮೆ ಕೇಳಿದರು. ನಾನು ಈ ಮಾತನ್ನು ಬಹಳ ದಿನ ಯೋಚಿಸಿದ್ದೇನೆ. ಯಜಮಾನರಿಗೆ ನಮ್ಮಿಂದ ಆಗಬೇಕಾದದ್ದೊಂದು ಇತ್ತು, ಆದ್ದರಿಂದ ಮಾತಿಗೆ ಅರ್ಥವಿತ್ತು. ಮೋರಿಯವರಿಗೆ ಬೇಕಾಗಿದ್ದದ್ದು ನಾವು ನಿಲ್ಲುವುದು ಮಾತ್ರ; ನಿಂತ ಪ್ರತಿ ನಿಮಿಷವನ್ನೂ ನಾವು ಅವರಿಗೆ ಕೊಟ್ಟೆವು. ಇವೆರಡನ್ನೂ ಬೇರೆ ಮಾಡಿ ನೋಡಲು ಆ ಸಂಜೆ ಸುಳಿವುಗಳಿದ್ದವು. ಯಜಮಾನರು ತಡೆದದ್ದು ಬೆಳಗ್ಗೆ, ಅವರದೇ ಜಮೀನಿನ ಎದುರು, ನಿಶ್ಚಿತವಾದ ಒಂದು ಬೇಡಿಕೆಯೊಡನೆ: ತಿರುಗಿ ಹೋಗಿ. ಮೋರಿಯವರ ಬೇಡಿಕೆ ನಾವು ಉತ್ತರಿಸಿದಷ್ಟೂ ಬದಲಾಗುತ್ತಿತ್ತು: ಮೊದಲು ಸೈಕಲ್, ಆಮೇಲೆ ಫೋನ್ ನಂಬರ್, ಆಮೇಲೆ ಮೇಷ್ಟ್ರ ಮಾತಿನ ಧಾಟಿಯ ಬಗ್ಗೆಯೇ ತಕರಾರು. ಬೇಡಿಕೆ ಹೀಗೆ ಜಾರುತ್ತ ಹೋಗುವಾಗ ಇಳಿಯಬಾರದು, ಇಳಿದಿದ್ದರೆ ಹತ್ತಬೇಕು, ಮುಂದೆ ದಾರಿಯಿಲ್ಲದಿದ್ದರೆ ಹಿಂದೆ ತಿರುಗಬೇಕು. ಹೊರಡುವ ತೀರ್ಮಾನ ಗುಂಪಿನಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವವರದ್ದು. ಅವರು ತಿರುಗಿದ ಕೂಡಲೇ ಉಳಿದವರೂ ತಿರುಗಬೇಕು. ಈಗ ನಮ್ಮ ಗುಂಪಿನಲ್ಲಿ ಅದಕ್ಕೊಂದು ಮಾತಿದೆ. ಯಾರಾದರೂ ಒಬ್ಬರು "ಹೊತ್ತಾಯ್ತು" ಎಂದರೆ ಯಾರೂ ಕಾರಣ ಕೇಳದೆ ಹೊರಡುತ್ತೇವೆ.

ಸಂಜೆಯ ಸವಾರಿಯನ್ನು ನಿಲ್ಲಿಸಿದೆವು. ಅದಕ್ಕೆ ಮೋರಿ ಒಂದೇ ಕಾರಣವಲ್ಲ. ಆನೆಕಾಡು, ಯಡವನಾಡು ಕಡೆಯ ಕಾಡಿನಿಂದ ಕಾಡಾನೆಗಳು ಹೊತ್ತು ಮುಳುಗಿದ ಮೇಲೆ ಗದ್ದೆಗಳಿಗೆ ಇಳಿಯುತ್ತವೆ, ಮತ್ತು ಸಂಜೆ ಏರಿ ಹತ್ತಬೇಡಿ ಎಂದು ನೀರುಗಂಟಿ ಮೊದಲಿನಿಂದಲೂ ಹೇಳುತ್ತಿದ್ದರು. ಸಂಜೆಯ ಏರಿಯನ್ನು ಕುಡಿಯುವವರಿಗೆ ಬಿಟ್ಟುಕೊಟ್ಟಂತಾಯಿತು ಎಂಬ ಬ್ಯಾಂಕ್ ಉದ್ಯೋಗಿಯ ಆಕ್ಷೇಪ ಹಾಗೆಯೇ ಉಳಿದಿದೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ, ಏಳು ಸೈಕಲ್ಲುಗಳಿಂದ ಅದು ಆಗುವ ಕೆಲಸವೂ ಅಲ್ಲ.

ಈಗಿನ ಸ್ಥಿತಿ

ಬೆಳಗಿನ ಏರ್ಪಾಡು ಫೆಬ್ರವರಿವರೆಗೆ ಮುರಿಯದೆ ನಡೆಯಿತು. ಈ ಅವಧಿಯಲ್ಲಿ ಎರಡು ಸಲ ಮಾತಿನ ಚಕಮಕಿಯಾಗಿದೆ, ಎರಡೂ ಸಲ ಹೊರಗಿನಿಂದ ಬಂದ ಸವಾರರೊಡನೆ. ಒಮ್ಮೆ ಯಜಮಾನರೇ ಅವರನ್ನು ನಿಲ್ಲಿಸಿ, ನಮ್ಮ ಗುಂಪನ್ನು ತೋರಿಸಿ, "ಅವರು ತಳ್ಕೊಂಡು ಹೋಗ್ತಿಲ್ವಾ" ಎಂದರು. ಬಿದಿರಿನ ಗಳ ಇನ್ನೂ ಅಲ್ಲೇ ಇದೆ, ಗದ್ದೆಯ ಇಳಿಜಾರಿನಲ್ಲಿ, ಏರಿಗೆ ಸಮಾನಾಂತರವಾಗಿ ಒರಗಿಸಿಟ್ಟಿದ್ದಾರೆ. ಮೇಷ್ಟ್ರನ್ನು ಕಂಡರೆ ಯಜಮಾನರು ಮಾತಾಡಿಸುತ್ತಾರೆ. ಹುಡುಗನನ್ನು ಮಾತಾಡಿಸುವುದಿಲ್ಲ, ಅವನು ಆ ಭಾಗದಲ್ಲಿ ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ. ವಿಡಿಯೊ ಈಗಲೂ ಯಾರ ಯಾರ ಮೊಬೈಲಿನಲ್ಲಿ ಇದೆಯೋ.

ಕುಸಿದ ಏರಿಯನ್ನು ಸರಿಪಡಿಸಬೇಕೆಂಬ ಅರ್ಜಿಗೆ ಊರಿನವರೊಡನೆ ನಾವೂ ಸಹಿ ಹಾಕಿದ್ದೇವೆ. ನಾಲೆಯಲ್ಲಿ ನೀರು ನಿಂತ ಮೇಲೆ ದನಗಳು ಬೇರೆ ದಾರಿ ಹಿಡಿಯುತ್ತವೆ, ಕೊಯ್ಲಾದ ಗದ್ದೆಗಳಿಗೇ ನೇರವಾಗಿ ಇಳಿಯುತ್ತವೆ. ತಳ್ಳಿಕೊಂಡು ಹೋಗಬೇಕಾದ ಜಾಗವೂ ಹೊತ್ತೂ ಆಗ ಬೇರೆಯಾಗುತ್ತದೆ. ಯಾವ ಕಡೆ, ಎಷ್ಟು ಹೊತ್ತಿಗೆ ಎಂಬುದನ್ನು ಕೇಳಿಕೊಂಡು ಬರಲು ಮೇಷ್ಟ್ರು ಮುಂದಿನ ಭಾನುವಾರ ನೀರುಗಂಟಿಯ ಬಳಿ ಹೋಗುತ್ತಾರೆ. ಈ ಸಲ ಅವರ ಜೊತೆ ಬ್ಯಾಂಕ್ ಉದ್ಯೋಗಿಯೂ ಹೋಗುತ್ತಾರೆ.